ಆರಕ್ಕೆ ನಾಲ್ಕು

ಡೊಂಬಿವಲಿ ಪೂರ್ವ
ಗುರುವಾರ, ೨೪ ಆಗಸ್ಟ್ ೨೦೨೩

ಚಿರಂಜೀವಿ ಕಾಂಚನಾಳಿಗೆ,

ಜಯಲತಾ ಟೀಚರ್ ಮಾಡುವ ಆಶೀರ್ವಾದಗಳು ಎಂದು ಬರೆಯಲು ಹೊರಟಿದ್ದೆ. ನಮ್ಮ ಉಡುಪಿ ಕಡೆ ಹಿರಿಯರು ಕಿರಿಯರಿಗೆ ಬರೆಯುವುದೇ ಹಾಗೆ. ಆದರೆ ಪೆನ್ನು ಅಲ್ಲಿಗೇ ನಿಂತಿತು. ನಿನ್ನನ್ನು ಹರಸುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ. ಆದ್ದರಿಂದ ಬರೀ ನಮಸ್ಕಾರ.

ಕವರಿನ ಮೇಲೆ ನನ್ನ ಹೆಸರು ಕಂಡು ನೀನು ಈ ಪತ್ರವನ್ನು ಓದದೆ ಮೂಲೆಗೆ ಎಸೆದರೂ ನಾನು ದೂರುವಂತಿಲ್ಲ. ನಿನ್ನ ಬರಹಕ್ಕೆ ನಾನು ಮಾಡಿದ್ದೂ ಅದನ್ನೇ. ಕ್ಲಾಸಿನಲ್ಲಿ ಒಂದು ಕನ್ನಡ ಶಬ್ದ ಬಾಯಿಂದ ಬಿದ್ದರೆ ಕಣ್ಣು ಕೆಂಪಗೆ ಮಾಡುತ್ತಿದ್ದ ಟೀಚರ್ ಈಗ ಕನ್ನಡದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ನಗು ಬರಬಹುದು. ಬರಲಿ. ಇಂಗ್ಲಿಷಿನಲ್ಲಿ ಬರೆದರೆ ನಾನು ಚಂದ ಚಂದದ ವಾಕ್ಯಗಳ ಹಿಂದೆ ಅಡಗಿಕೊಳ್ಳುತ್ತೇನೆ. ಮೂವತ್ತು ವರ್ಷ ಅದನ್ನೇ ಕಲಿಸಿ ಸಂಬಳ ತೆಗೆದುಕೊಂಡವಳು ನಾನು.

ಭಾನುವಾರ ನಡೆದದ್ದನ್ನು ಮೊದಲು ಹೇಳುತ್ತೇನೆ. ಕನ್ನಡ ಸಂಘದ ಮಹಡಿಯ ಹಾಲ್‌ನಲ್ಲಿ ಈ ವರ್ಷದ ಬ್ಯಾಚು ಶುರುವಾಗಿ ಮೂರು ವಾರವಾಯಿತು. ನೀನು ಕೂತಿದ್ದ ಅದೇ ಕ್ಲಾಸು. ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಪ್ರಬಂಧದ ಭಾಗ, ಅರ್ಧ ಗಂಟೆಗೆ ಒಂದು ಪ್ರಬಂಧ, ಆರು ಅಂಕ. ಪಾಠವೂ ಹಳೆಯದೇ. ಬಿಸ್ಕತ್ತಿನ ಪೊಟ್ಟಣದ ಬಣ್ಣ ಬದಲಾಯಿಸಿದ ಮೇಲೆ ಮಾರಾಟ ಏರಿತು, ಆದ್ದರಿಂದ ಬಣ್ಣವೇ ಕಾರಣ ಎಂದು ಯಾರೋ ಒಬ್ಬ ವಾದಿಸಿರುತ್ತಾನೆ. ಅವನು ಸರಿಯಾಗಿ ನೋಡದೆ ನಂಬಿಕೊಂಡದ್ದು ಯಾವುದು, ಹುಡುಕಿ ಬರೆಯಿರಿ ಎಂದು ನಾನು ಬೆರಳು ಕುಣಿಸುತ್ತಾ ಹೇಳುತ್ತೇನೆ. ಥಾಣೆಯ ವರ್ತಕ ನಗರದಿಂದ ಬರುವ ಪ್ರೇಕ್ಷಾ ಎಂಬ ಹುಡುಗಿ ಮಾದರಿಗೆ ಒಂದು ಹಳೆಯ ನೋಟ್‌ಬುಕ್ ಕೇಳಿದ್ದಳು. ನನ್ನ ಕಪಾಟಿನಲ್ಲಿ ಉಳಿದಿದ್ದದ್ದು ನಿನ್ನದೊಂದೇ. ಅಕ್ಷರ ದುಂಡಗಿದೆ, ನೋಡಿ ಕಲಿ ಎಂದು ಹಿಂದಿನ ವಾರ ಕೊಟ್ಟಿದ್ದೆ.

ಈ ಭಾನುವಾರ ನಾನು ಬೋರ್ಡಿನ ಕಡೆ ತಿರುಗುತ್ತಿದ್ದಂತೆ ಅವಳು ಎದ್ದು ನಿಂತಳು. "ಆಂಟಿ, ಯೇ ಕ್ಯಾ ಹೈ? ಇಸ್‌ಮೆ ತೋ ರೋಟಿ ಕೀ ರೆಸಿಪಿ ಹೈ!" ಎಂದಳು. ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಹೊರಡುವುದು ಹಿಂದಿ. ಪ್ರಬಂಧದಲ್ಲಿ ರೊಟ್ಟಿ ಮಾಡುವ ವಿಧಾನವೇ, ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು, ಗಟ್ಟಿಯಾಗಿ ಓದು ನೋಡೋಣ ಎಂದೆ. ಓದಿದಳು. ಸಿಮೆಂಟ್ ಕಂಪನಿಯ ಲಾಭದ ಬಗ್ಗೆ ನಾಲ್ಕನೆಯ ವಾರ ನೀನು ಬರೆದ ಪ್ರಬಂಧ. ಮೂರನೆಯ ಪ್ಯಾರಾದ ನಟ್ಟನಡುವೆ, ಒಳ್ಳೆಯ ಇಂಗ್ಲಿಷಿನಲ್ಲಿ, ಜೋಳದ ರೊಟ್ಟಿಗೆ ನೀರು ಕುದಿಯಲೇಬೇಕು, ಉಗುರುಬೆಚ್ಚಗಿನ ನೀರಿನಲ್ಲಿ ನಾದಿದರೆ ಬಡಿಯುವಾಗ ಅಂಚು ಬಿರಿಯುತ್ತದೆ ಎಂದು ಬರೆದಿದ್ದೀಯ. ಮುಂದಿನ ವಾಕ್ಯ, ಆದ್ದರಿಂದ ಲೇಖಕರ ವಾದ ದುರ್ಬಲವಾಗಿದೆ. ಪಕ್ಕದಲ್ಲಿ ನನ್ನ ಕೆಂಪು ಟಿಕ್ಕು. ಕೆಳಗೆ ಆರಕ್ಕೆ ನಾಲ್ಕು ಅಂಕ, ಮುಕ್ತಾಯ ಇನ್ನೂ ಬಿಗಿಯಾಗಲಿ ಎಂಬ ಸಲಹೆ.

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರೇಕ್ಷಾ ಹಾಳೆ ತಿರುವಿದಳು. ಮುಂದಿನ ವಾರದ್ದರಲ್ಲಿ ಕಲ್ಯಾಣದಿಂದ ಹೊರಡುವ ಬೆಳಗಿನ ಲೋಕಲ್‌ಗಳ ಸಮಯ. ನಾಲ್ಕು ಅಂಕ. ಅದರ ಮುಂದಿನದರಲ್ಲಿ, ಟೀಚರ್, ನೀವು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಸಲ ನಾಲ್ಕು ಕೊಡಬೇಡಿ, ಎರಡಾದರೂ ಕೊಡಿ ಎಂಬ ಸಾಲು. ಅದಕ್ಕೂ ನಾಲ್ಕು. ಆಗಂತೂ ಬೆಂಚು ಬಡಿದು ನಕ್ಕರು. ಏಳನೆಯ ವಾರ, ನಮ್ಮ ಟೀಚರಿಗೆ ಕೆಮ್ಮು ಜೋರಾಗಿದೆ, ಶುಂಠಿ ಕಷಾಯ ಕುಡಿದರೆ ಒಳ್ಳೆಯದು. ನಾಲ್ಕು. ಒಂಬತ್ತನೆಯ ವಾರದ್ದನ್ನು ಶುರುಮಾಡಿದವಳು ಒಂದು ಸಾಲಿಗೇ ದನಿ ತಗ್ಗಿಸಿದಳು. ಮತ್ತೆ ಓದಲಿಲ್ಲ. ನೋಟ್‌ಬುಕ್ ಮುಚ್ಚಿ ತಂದು ನನ್ನ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋಗಿ ಕೂತಳು. ಆ ಹುಡುಗಿ ನನ್ನ ಮರ್ಯಾದೆ ಉಳಿಸಲು ನೋಡಿದಳು, ಪಾಪ.

ಉಳಿದದ್ದನ್ನು ಮನೆಗೆ ಬಂದು ಓದಿದೆ. ಒಂಬತ್ತನೆಯ ವಾರ ನೀನು ಬರೆದದ್ದು ಹೀಗೆ: "ಟೀಚರ್, ಅರ್ಧ ಗಂಟೆಯಲ್ಲಿ ಮುಗಿಸಲು ನನಗೆ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ ಗೊತ್ತಾಗುತ್ತಿಲ್ಲ. ಎಲ್ಲರ ಮುಂದೆ ಕೇಳಿದರೆ ನನ್ನ ಉಚ್ಚಾರಕ್ಕೆ ನಗುತ್ತಾರೆ. ಕ್ಲಾಸು ಬಿಟ್ಟ ಮೇಲೆ ಹತ್ತು ನಿಮಿಷ ನನ್ನನ್ನು ನಿಲ್ಲಿಸಿಕೊಳ್ಳುತ್ತೀರಾ?" ಹನ್ನೊಂದನೆಯ ವಾರ: "ಪ್ರತಿ ಭಾನುವಾರ ಅಪ್ಪ, ನಿಮ್ಮ ಅಕ್ಕೋರು ಏನಂದರು ಎಂದು ಕೇಳುತ್ತಾನೆ. ಒಂದೇ ಒಂದು ಮಾತು ಬರೆಯಿರಿ. ಬೈದರೂ ಆಗುತ್ತದೆ." ಎರಡಕ್ಕೂ ಟಿಕ್ಕು. ಎರಡಕ್ಕೂ ನಾಲ್ಕು. ಹನ್ನೆರಡನೆಯದರಲ್ಲಿ ನಡುವೆ ಏನೂ ಇಲ್ಲ, ಬರೀ ಪ್ರಬಂಧ. ಅದರಲ್ಲಿ ಮೂರು ಸಲ ಹುಡುಕಿದೆ. ನೀನು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಖಾಲಿ ಪ್ರಬಂಧ ಕಂಡು.

ಕಾರಣ ಹೇಳಬೇಕಲ್ಲ. ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹತ್ತೊಂಬತ್ತು ನೋಟ್‌ಬುಕ್ಕು ಬೀಳುತ್ತಿದ್ದವು. ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ. ಎಲ್ಲರದ್ದನ್ನೂ ಓದಲು ನನ್ನಿಂದ ಆಗುತ್ತಿರಲಿಲ್ಲ. ಶಾಲೆಯಲ್ಲಿ ಸಾವಿರಗಟ್ಟಲೆ ಉತ್ತರಪತ್ರಿಕೆ ನೋಡಿದ ಕೈ, ಕಣ್ಣಿಗಿಂತ ಮುಂದೆ ಓಡುತ್ತದೆ. ನನ್ನ ಮಗ ಅಕ್ಷಿತ್ ಕೂಡ ನಿಮ್ಮ ಬ್ಯಾಚಿನಲ್ಲೇ ಇದ್ದ, ನಿನ್ನ ಹಿಂದಿನ ಬೆಂಚು. ಮನೆಯಲ್ಲಿ ಅವನ ತಯಾರಿಯ ಗಡಿಬಿಡಿ ಬೇರೆ. ಅವನೀಗ ಪುಣೆಯಲ್ಲಿ ಓದುತ್ತಿದ್ದಾನೆ, ನಿನಗೆ ಗೊತ್ತಿರಬಹುದು.

ಓದದೆ ಬಿಟ್ಟದ್ದು ಒಂದು ಪಾಪವಾದರೆ, ಅದರ ಮೇಲೆ ನಾನು ಮಾಡಿದ್ದು ಇನ್ನೊಂದು. ಮಾರ್ಚ್ ತಿಂಗಳಲ್ಲಿ ನಿನ್ನ ಫಲಿತಾಂಶ ಬಂತು. ಲೆಕ್ಕದಲ್ಲಿ ಬೇಕಾದಷ್ಟು ಅಂಕ, ಪ್ರಬಂಧ ಅರ್ಧಕ್ಕೆ ನಿಂತು ಸೀಟು ಹೋಯಿತು. ಒಂದು ಬೆಳಗ್ಗೆ ನಿನ್ನ ಅಪ್ಪ ನಮ್ಮ ಮನೆಗೆ ಬಂದರು. ಕಲ್ಯಾಣದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಒಂದು ಪಾಳಿ ತಪ್ಪಿಸಿ, ಒಗೆದ ಅಂಗಿ ತೊಟ್ಟು, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು, ಮಗಳು ಇನ್ನೊಂದು ಸಲ ಬರೆಯುತ್ತೇನೆ ಅನ್ನುತ್ತಾಳೆ, ಬರೆಸಲೋ ಬೇಡವೋ ಎಂದು ಕೇಳಿದರು. ನಾನು ನಿನ್ನ ನೋಟ್‌ಬುಕ್ ತೆಗೆದು ಹಾಳೆ ಹಾಳೆ ತೋರಿಸಿದೆ. "ನನಗ ಇಂಗ್ಲಿಷ ಬರೂದಿಲ್ರಿ ಅಕ್ಕೋರ, ಆದ್ರ ಅಂಕಿ ಓದಾಕ ಬರತೈತ್ರಿ. ಎಲ್ಲಾ ಕಡೆ ನಾಕ ಐತಲ್ರಿ. ನಾಕ ಅಂದ್ರ ಹೆಂಗ್ರಿ?" ಎಂದರು. ಹನ್ನೆರಡು ವಾರದಲ್ಲಿ ಮೇಲೂ ಹೋಗಿಲ್ಲ, ಕೆಳಗೂ ಬಂದಿಲ್ಲ, ಅವಳ ಮಟ್ಟ ಇಷ್ಟೇ, ಸುಮ್ಮನೆ ಇನ್ನೊಂದು ವರ್ಷ ಯಾಕೆ ಹಾಳು ಮಾಡುತ್ತೀರಿ ಎಂದೆ. ಅವರು ನೋಟ್‌ಬುಕ್ ಮುಚ್ಚಿ ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟರು. ಹೋಳಿಗೆ ಚೆನ್ನಾಗಿತ್ತು. ನಾವು ತಿಂದೆವು.

ಸೋಮವಾರವೂ ನಿನ್ನ ನೋಟ್‌ಬುಕ್ ಮುಂದಿಟ್ಟುಕೊಂಡೇ ಕೂತಿದ್ದೆ. ನಮ್ಮವರಿಗೆ ಹೇಳಿದೆ. "ಹೋಗಿ ಅವರ ಹತ್ರ ಹೇಳಿ ಬಾ ಮಾರಾಯ್ತಿ, ಹೀಗೆ ಕೂತರೆ ಆಗ್ಲಿಕ್ಕುಂಟಾ?" ಎಂದರು. ಮಂಗಳವಾರ ಹೋದೆ. ಡೊಂಬಿವಲಿಯಿಂದ ಕಲ್ಯಾಣ ಎರಡೇ ಸ್ಟೇಷನ್ನು, ಅಷ್ಟರಲ್ಲೇ ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿಕೊಂಡೆ. ಈರುಳ್ಳಿ ಮೂಟೆಗಳ ನಡುವೆ ನನ್ನನ್ನು ಕಂಡದ್ದೇ ನಿನ್ನ ಅಪ್ಪ ತಲೆಯ ಮೇಲಿನ ಚೀಲ ಇಳಿಸಿ ಓಡಿ ಬಂದರು. ಕೂರಲು ಸ್ಟೂಲು ತರಿಸಿದರು, ಅದನ್ನು ತಮ್ಮ ಹೆಗಲ ಮೇಲಿನ ವಲ್ಲಿಯಿಂದ ಒರೆಸಿದರು, ಜೊತೆಯವರನ್ನೆಲ್ಲ ಕರೆದು ನಮ್ಮ ಕಾಂಚನಾನ ಅಕ್ಕೋರು ಎಂದು ತೋರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಅಕೀ ನಿಮ್ಮ ಮ್ಯಾಲ ಏನೇನೋ ಅಂದಳ್ರಿ. ಅಕ್ಕೋರು ನನ್ನ ಪುಸ್ತಕ ಓದೇ ಇಲ್ಲಪಾ, ಸುಮ್ಮನ ನಾಕ ಹಾಕ್ಯಾರ ಅಂದಳು. ಗುರುಗಳ ಮ್ಯಾಲ ಸುಳ್ಳ ಹೇಳತೀಯೇನಂತ ಜೋರ ಬೈದೆ. ಅವತ್ತಿಂದ ನನ್ನ ಜೋಡಿ ಮಾತ ಬಿಟ್ಟಾಳ್ರಿ. ಖಾರಘರಕ್ಕ ನೌಕರಿಗಿ ಹೋಗಿ ಅಲ್ಲೇ ರೂಮ್ ಮಾಡ್ಯಾಳ, ಫೋನಿನ್ಯಾಗ ಹೂಂ, ಊಂಹೂಂ ಅಷ್ಟ. ಸಣ್ಣಾಕಿ ಅದಾಳ್ರಿ, ತಪ್ಪ ತಿಳಕೋಬ್ಯಾಡ್ರಿ. ಅಕೀ ಪರವಾಗಿ ನಾ ಕೈ ಮುಗೀತೀನಿ."

ಅಷ್ಟು ಜನರ ಮುಂದೆ ಅವರು ನನಗೆ ಕೈ ಮುಗಿದರು, ಕಾಂಚನಾ. ನಾನು ಏನು ಹೇಳಿದೆ ಗೊತ್ತಾ? ಇರಲಿ ಬಿಡಿ ಎಂದೆ. ಇರಲಿ ಬಿಡಿ, ಮಕ್ಕಳು ಎಂದೆ. ಚಹಾ ಬಂತು, ಕುಡಿದೆ. ನಿನ್ನ ವಿಳಾಸ ಕೇಳಿ ಬರೆದುಕೊಂಡು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸು ಲೋಕಲ್ ಹತ್ತಿದೆ. ನೀನು ನಿಜ ಹೇಳಿ ಬೈಸಿಕೊಂಡೆ, ನಾನು ಅದೇ ನಿಜವನ್ನು ನುಂಗಿ ಕೈ ಮುಗಿಸಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಎಷ್ಟು ಮಕ್ಕಳಿಗೆ ವಿವರಿಸಿದ್ದೇನೋ. ನನ್ನ ಕಣ್ಣೆದುರೇ ನಾನು ಇಷ್ಟು ಸಣ್ಣವಳಾದದ್ದು ನೆನಪಿಲ್ಲ.

ಎದುರು ನಿಂತು ಹೇಳಲು ನಾಲಿಗೆ ಹೊರಳದವಳು ಬರೆದು ಹೇಳುತ್ತಿದ್ದೇನೆ. ಈ ಲಕೋಟೆಯಲ್ಲಿ ನಿನ್ನ ಅಪ್ಪನಿಗೂ ಒಂದು ಪತ್ರವಿದೆ. ಅವರಿಗೆ ಓದಲು ಅನುಕೂಲವಾಗಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಅದರ ಕವರು ಅಂಟಿಸಿಲ್ಲ. ನಿಮ್ಮ ಮಗಳು ಹೇಳಿದ್ದು ನಿಜ, ನಾನು ಓದಲಿಲ್ಲ, ಅವಳ ಮಟ್ಟ ನನಗೆ ಗೊತ್ತೇ ಇರಲಿಲ್ಲ, ತಿಳಿಯದೆ ತೀರ್ಪು ಕೊಟ್ಟೆ ಎಂದಿದೆ. ನೀನೇ ಹೋಗಿ ಓದಿ ಹೇಳು, ಇಲ್ಲವೇ ಅಂಚೆಗೆ ಹಾಕು. ಬೇಡವೆನಿಸಿದರೆ ನನಗೆ ತಿಳಿಸು, ಮತ್ತೆ ಕಲ್ಯಾಣಕ್ಕೆ ಹೋಗಿ, ಯಾರ ಮುಂದೆ ಕೈ ಮುಗಿಸಿಕೊಂಡೆನೋ ಆ ಜನರೆದುರೇ ಹೇಳುತ್ತೇನೆ. ಈ ಸಲ ಚಹಾ ಕುಡಿಯುವ ಮೊದಲು ಹೇಳುತ್ತೇನೆ.

ನೋಟ್‌ಬುಕ್ಕನ್ನೂ ಕಳಿಸುತ್ತಿದ್ದೇನೆ. ಹನ್ನೆರಡು ಪ್ರಬಂಧಗಳನ್ನೂ ಕೂತು ಓದಿದೆ, ಪೆನ್ಸಿಲಿನಲ್ಲಿ ಬರೆದಿದ್ದೇನೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ: ಮೊದಲ ಎರಡು ಪ್ಯಾರಾಕ್ಕೇ ಎರಡು ಪುಟ ಸುರಿಯುತ್ತೀ, ಮುಕ್ತಾಯದ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಮೊದಲು ಕೊನೆಯ ಸಾಲನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊ, ಆಮೇಲೆ ಶುರುಮಾಡು. ಇದನ್ನು ಹೇಳಲು ನನಗೆ ಹತ್ತು ನಿಮಿಷವೂ ಬೇಕಾಗಿರಲಿಲ್ಲ.

ಈ ವರ್ಷದ ಫಾರ್ಮ್ ತುಂಬಲು ಇನ್ನು ಮೂರು ವಾರ ಇದೆ. ತುಂಬು. ಬೇರೆ ಯಾರ ಹತ್ತಿರ ಬೇಕಾದರೂ ಕಲಿ, ನಾನೇ ಕಲಿಸುತ್ತೇನೆ ಎನ್ನುವ ಮುಖ ನನಗಿಲ್ಲ. ಆದರೂ ನೀನು ಕರೆದರೆ ಪ್ರತಿ ಶನಿವಾರ ಥಾಣೆಯಲ್ಲಿ ಗಾಡಿ ಬದಲಾಯಿಸಿ ಖಾರಘರಕ್ಕೆ ಬಂದು, ನಿನ್ನ ಎದುರು ಕೂತು, ನಿನ್ನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸು ಎಂದು ಕೇಳುತ್ತಿಲ್ಲ. ಅಪ್ಪನ ಹತ್ತಿರ ಮಾತಾಡು ಎಂದು ಮಾತ್ರ ಕೇಳುತ್ತಿದ್ದೇನೆ. ಅವರು ನಂಬಿದ್ದು ನನ್ನನ್ನು, ತಪ್ಪು ಅವರದಲ್ಲ.

ನಿನ್ನ ಟೀಚರ್ ಆಗಬೇಕಿದ್ದ,
ಜಯಲತಾ

ತಾ.ಕ.: ಹತ್ತೊಂಬತ್ತು ನೋಟ್‌ಬುಕ್ ಓದಲಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಲಕೋಟೆ ಅಂಟಿಸಲು ಕೂತವಳಿಗೆ ಕೈ ಬರಲಿಲ್ಲ. ಉಳಿದ ಹದಿನೆಂಟನ್ನೂ ಪ್ರತಿ ವಾರ ಸಾಲು ಸಾಲು ಓದುತ್ತಿದ್ದೆ, ಪೊರೆ ಬಂದ ಕಣ್ಣಲ್ಲೇ. ನಿನ್ನ ಮೊದಲ ಪ್ರಬಂಧವನ್ನೂ ಓದಿದ್ದೆ. ಅದಕ್ಕೆ ಮೊದಲು ಅಕ್ಷಿತ್‌ನದನ್ನು ನೋಡಿದ್ದೆ. ತೊಟ್ಟಿಲಿನಿಂದ ನಾನೇ ಇಂಗ್ಲಿಷ್ ಕಲಿಸಿ, ಕಾನ್ವೆಂಟಿಗೆ ಕಳಿಸಿದ ನನ್ನ ಮಗನದು ನಾಲ್ಕರ ಯೋಗ್ಯತೆಯದು. ಕನ್ನಡ ಶಾಲೆಯಿಂದ ಬಂದ ನಿನ್ನದು ಆರರದು. ಇಬ್ಬರಿಗೂ ನಾಲ್ಕು ಹಾಕಿದೆ. ಆಮೇಲೆ ನಿನ್ನದನ್ನು ತೆರೆದು ಓದಲು ನನಗೆ ಹೆದರಿಕೆಯಾಯಿತು.