ಬೀಗ ತೆರೆದ ಕೈ

ರೀ, ಫೋಟೊದೊಳಗೆ ಕೂತು ಹಾಗೆ ಹಲ್ಲು ಬಿಡಬೇಡಿ. ಬದುಕಿದ್ದಾಗಲೂ ಹೀಗೇ, ಬೇರೆಯವರ ಪಾಲಿನ ಹೊಗಳಿಕೆಯನ್ನು ನಿಮ್ಮ ತಟ್ಟೆಗೇ ಬಡಿಸಿಕೊಂಡವರು.

ನಿಮ್ಮ ಮೊಮ್ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಇವತ್ತು ಕಾಲೇಜಿನ ವರ್ಕ್‌ಶಾಪಿನಲ್ಲಿ ತಾನೇ ಅರದಿಂದ ಉಜ್ಜಿ ಮಾಡಿದ ಎರಡು ಕಬ್ಬಿಣದ ತುಂಡು ತಂದಳು. ಒಂದರೊಳಗೆ ಇನ್ನೊಂದನ್ನು ಕೂರಿಸಿ ಕಿಟಕಿಗೆ ಹಿಡಿದಳು. ಸಂದಿಯಲ್ಲಿ ಬೆಳಕಿನ ಎಳೆಯೂ ತೂರಲಿಲ್ಲ.

"ಈ ಕೈ ಯಾರಿಂದ ಬಂತೇ ನಿನಗೆ?" ಎಂದೆ, ಸೆರಗು ಸರಿಮಾಡಿಕೊಂಡು.

"ಇನ್ಯಾರಿಂದ ಅಜ್ಜಿ? ತಾತಂದೇ! ಬೀಗ ರಿಪೇರೀಲಿ ತಾತನ್ನ ಮೀರಿಸೋರೇ ಇರ್ಲಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ!"

ತುಂಡುಗಳನ್ನು ನಿಮ್ಮ ಫೋಟೊದ ಮುಂದಿಟ್ಟಳು. ಸತ್ತವರ ಮೇಲೂ ಹೊಟ್ಟೆಕಿಚ್ಚೇ ಎಂದು ನಗಬೇಡಿ.

ನೀವು ಜ್ವರದಲ್ಲಿ ಮಲಗಿದ್ದಾಗ ಡಾಕ್ಟರ ಮನೆಯ ಬೀಗಕ್ಕೆ ಕೀಲಿ ಉಜ್ಜಿದ್ದು ಯಾರು? ಅಡುಗೆಮನೆಯ ಕಟ್ಟೆಯ ಮೇಲೆ, ಬೀಗದೊಳಗೆ ಎಲ್ಲಿ ತಾಗುತ್ತದೆಂದು ಕೀಲಿಗೆ ಒಲೆಯ ಮಸಿ ಹಚ್ಚಿ ಹಚ್ಚಿ ನೋಡಿ? ಬೀಗ ಒಂದೇ ತಿರುವಿಗೆ ತೆರೆಯಿತು. ನಿಮ್ಮ ಜ್ವರ ಬಿಟ್ಟ ಮೇಲೆ ಡಾಕ್ಟರು ರಿಪೇರಿ ಅಂಗಡಿಗೇ ಬಂದು ನಿಮ್ಮ ಬೆನ್ನು ತಟ್ಟಿದರು. ನೀವು ಕೆಮ್ಮಿದಿರಿ, ಅಷ್ಟೆ. ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ನೀವು ಅರವನ್ನು ನನ್ನ ಕೈಗೆ ಸಿಗದ ಹಾಗೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿರಿ.

ಈಗ ನಾನು ಹೇಳಿದರೆ ಮುದುಕಿ ಜಂಬ ಕೊಚ್ಚುತ್ತಾಳೆ ಅನ್ನುತ್ತಾರೆ. ನನ್ನ ಕೆಲಸ ಕಂಡವರು ನೀವೊಬ್ಬರೇ. ಬರುವ ತಿಂಗಳು ಅವಳು ಲೇತ್ ಯಂತ್ರದ ಕೆಲಸಕ್ಕೆ ಕೈ ಹಾಕುತ್ತಾಳಂತೆ. ಅಷ್ಟರೊಳಗೆ ಈ ಕಾಗದಕ್ಕೆ ಉತ್ತರ ಬರೆಯಿರಿ, ಆ ಕೀಲಿ ಉಜ್ಜಿದ್ದು ಯಾರೆಂದು. ನನಗಲ್ಲ, ಅವಳಿಗೆ.