ಹೊಟ್ಟೆ ಸೀಳದ ಧಕಾರ

ಗುಬ್ಬಿ
ಫೆಬ್ರವರಿ ೨೦೦೪

ವಸುಂಧರಾ ಮಿಸ್ ಅವರಿಗೆ, ಬಸ್ ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನ ಅರ್ಜೂ ಮಾಡುವ ಸಲಾಮು.

ನೆನಪಿದೆಯೋ ಇಲ್ಲವೋ, ನಾನು ಮಹೀನಳ ತಾಯಿ. ಅಂಗಡಿಯ ಮುಂದುಗಡೆ ಬಳೆ, ರಿಬ್ಬನ್ನು ಮಾರುವವರು ನಮ್ಮ ಯಜಮಾನರು ನಾಸಿರ್. ಹಿಂದುಗಡೆ ಮಿಷನ್ ಮುಂದೆ ಕೂತು ಎಂಬ್ರಾಯಿಡರಿ ಹಾಕುತ್ತಾ, ಗಿರಾಕಿಗಳ ಜೊತೆ ಜಗಳಕ್ಕೂ ಇಳಿಯುವವಳು ನಾನು. ನೀವೇ ಒಮ್ಮೆ ನಗುತ್ತಾ ಅಂದಿದ್ದಿರಿ, "ಮಗಳ ಪಾಲಿನ ಮಾತನ್ನೂ ನೀವೇ ಆಡಿಬಿಡ್ತೀರಲ್ರೀ!" ಅಂತ. ಆವತ್ತು ನನಗೆ ಸಿಟ್ಟು ಬಂದಿತ್ತು. ಆದರೂ ನಿಮಗೆ ಟೀ ತರಿಸಿದ್ದೆ.

ಮನೆಯಲ್ಲಿ ಮಹೀನಳ ಬಾಯಿ ಮುಚ್ಚಿಸುವುದೇ ಕಷ್ಟ ಮಿಸ್. ಪಕ್ಕದ ಮನೆಯ ಕೋಳಿ ಒಳಗೆ ಬಂದರೆ ಅದಕ್ಕೂ ಬುದ್ಧಿವಾದ ಹೇಳಿ ಕಳಿಸುತ್ತಾಳೆ. ಹೊಸ್ತಿಲು ದಾಟಿದಳೋ, ಮುಗಿಯಿತು. ಅಂಗಡಿಗೆ ಬಂದವರು "ಏನಮ್ಮಾ ನಿನ್ನ ಹೆಸರು?" ಅಂದರೆ ನನ್ನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾಳೆ. ನಮ್ಮ ಅತ್ತೆ ಜೈನಬ್ ಬೀ ದರ್ಗಾದಿಂದ ತಾಯತ ತಂದು ಕಟ್ಟಿದರು. ತುಮಕೂರಿನ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಏನೂ ತೊಂದರೆ ಇಲ್ಲ" ಅಂದರು. ತೊಂದರೆ ಇಲ್ಲದಿದ್ದರೆ ಮಾತು ಯಾಕಿಲ್ಲ ಅಂತ ಕೇಳಿದರೆ ಟಾನಿಕ್ ಬರೆದುಕೊಟ್ಟರು. ಮೂರನೇ ಕ್ಲಾಸು ಮುಗಿಯುವವರೆಗೂ ಸ್ಕೂಲಿನಲ್ಲಿ ಯಾರೂ ಅವಳ ದನಿ ಕೇಳಲಿಲ್ಲ.

ನಾಲ್ಕನೇ ಕ್ಲಾಸಿಗೆ ನೀವು ಸಿಕ್ಕಿರಿ. ಹಾಜರಿ ಕೂಗುವಾಗ ಅವಳು ಕೈ ಎತ್ತಿದರೆ ಸಾಕು ಅಂದುಕೊಂಡಿರಿ. ಒತ್ತಾಯ ಮಾಡಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ಆಮೇಲೊಂದು ದಿನ ಬೋರ್ಡಿನ ಮೇಲೆ 'ವಿದ್ಯೆಯೇ ದನ' ಅಂತ ಬರೆದುಬಿಟ್ಟಿರಿ. ಮರೆತು ಬರೆದಿರೋ, ಬೇಕು ಅಂತಲೇ ಬರೆದಿರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇಡೀ ಕ್ಲಾಸು ಗಮನಿಸದೆ ಕಾಪಿ ಮಾಡುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತಂತೆ: "ಮಿಸ್, ಹೊಟ್ಟೆ ಸೀಳಿಲ್ಲ."

ಧಕಾರದ ಹೊಟ್ಟೆ. ನೀವೇ ಹೇಳಿಕೊಟ್ಟಿದ್ದಿರಲ್ಲ, ಹೊಟ್ಟೆ ಸೀಳಿದರೆ ಧನ, ಸೀಳದಿದ್ದರೆ ಕೊಟ್ಟಿಗೆಯ ದನ ಅಂತ. ಮನೆಯಾಚೆ ನನ್ನ ಮಗಳು ಆಡಿದ ಮೊದಲ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ, ಮಾತಾಡಿದಳು!" ಅಂತ ಚಪ್ಪಾಳೆ ತಟ್ಟಿಸಿ ಅವಳನ್ನು ಮತ್ತೆ ಚಿಪ್ಪಿನೊಳಗೆ ತಳ್ಳುತ್ತಿದ್ದರು. ನೀವು ಸೀಮೆಸುಣ್ಣ ಮುಂದೆ ಹಿಡಿದು "ಬಾ, ನೀನೇ ಸೀಳು" ಅಂದಿರಿ, ಅಷ್ಟೇ. ಅವಳು ಬಂದು ಸೀಳಿದಳು.

ಸಂಜೆ ಅಂಗಡಿಗೆ ಬಂದು ನೀವು ಇದನ್ನು ಹೇಳಿದಾಗ ನಾನು ನಂಬಲಿಲ್ಲ. "ನಮ್ಮ ಮಹೀನಾ? ಬೇರೆ ಯಾರೋ ಇರಬೇಕು ಬಿಡಿ ಮಿಸ್" ಅಂದೆ. ಮರುದಿನದಿಂದ ಅವಳು ಸ್ಕೂಲಿನಲ್ಲಿ ಮಾತಾಡತೊಡಗಿದಳು, ನಿಮ್ಮ ಹತ್ತಿರ ಮಾತ್ರ. ಮನೆಗೆ ಬಂದರೆ ನಮ್ಮ ಉರ್ದು ಬಿಟ್ಟು ನಿಮ್ಮ ಕನ್ನಡ. ಅಜ್ಜಿಗೇ "ಅಲ್ಪಪ್ರಾಣ, ಮಹಾಪ್ರಾಣ" ಅಂತ ಪಾಠ. ಅತ್ತೆ "ನನ್ನ ಪ್ರಾಣ ತೆಗೀಬೇಡ ಕಣೇ" ಅಂತ ತಾಯತ ಬಿಚ್ಚಿಟ್ಟರು.

ಸೆಪ್ಟೆಂಬರ್ ಬಂತು ಅಂದರೆ ನಮ್ಮ ಅಂಗಡಿ ಹೇಗಿರುತ್ತದೆ ಅಂತ ನೀವು ಕಂಡಿದ್ದೀರಿ. ಟೀಚರ್ಸ್ ಡೇಗೆ ಊರಿನ ಮಕ್ಕಳೆಲ್ಲ ಕರ್ಚೀಫು, ಪರ್ಸು, ದಿಂಬಿನ ಕವರು ಹಿಡಿದು ನಿಲ್ಲುತ್ತಾರೆ. ಒಬ್ಬರಿಗೆ ಗುಲಾಬಿ, ಒಬ್ಬರಿಗೆ ದೀಪ, ಪಿ.ಟಿ. ಮೇಷ್ಟ್ರಿಗೆ ಸೀಟಿ. ಅದರ ಕೆಳಗೆ ಹೆಸರು. ಮಕ್ಕಳು ಚೀಟಿಯಲ್ಲಿ ಬರೆದು ತಂದ ಹಾಗೆ ನಾನು ಹಾಕುತ್ತೇನೆ, ತಪ್ಪಿದ್ದರೆ ತಪ್ಪು. ಹಿಂದಿನ ಸಲ ಅಣ್ಣಯ್ಯಪ್ಪ ಮೇಷ್ಟ್ರು ಟವೆಲ್ ಹಿಡಿದುಕೊಂಡು ತಾವೇ ಬಂದುಬಿಟ್ಟಿದ್ದರು. "ಅಲ್ಲಮ್ಮಾ, ಅಣ್ಣಯ್ಯಪ ಅಂತ ಹಾಕಿದ್ದೀಯಲ್ಲ, ನಮ್ಮಪ್ಪನ ಒತ್ತು ಎಲ್ಲೋಯ್ತು?" ಅಂತ ರೇಗಿದರು. ಒತ್ತು ಹಾಕಿಕೊಡುವಷ್ಟರಲ್ಲಿ ಸಿಟ್ಟಿಳಿದು, ಟೀ ಕುಡಿದು, ತಮ್ಮ ಮದುವೆಯ ಕತೆಯನ್ನೆಲ್ಲ ಹೇಳಿ ಹೋದರು. ಮೂಲೆಯಲ್ಲಿ ಕೂತು ದಾರ ಸುತ್ತುತ್ತಿದ್ದ ಮಹೀನ್ ಎಲ್ಲವನ್ನೂ ನೋಡುತ್ತಿದ್ದಳು. ಅದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಅಂತ ನನಗೇನು ಗೊತ್ತು?

ಈ ಸಲ ಟೀಚರ್ಸ್ ಡೇ ಹೊತ್ತಿಗೇ ನಿಮಗೆ ಕುಣಿಗಲ್ ಕಡೆ ಕೊತ್ತಗೆರೆಗೆ ವರ್ಗ ಆಯಿತು. ಕ್ಲಾಸಿನವರೆಲ್ಲ ಸೇರಿ ನಿಮಗೊಂದು ಹೆಗಲಚೀಲ ಕೊಡುವುದು ಅಂತ ತೀರ್ಮಾನವಾಯಿತು, ನೋಟ್‌ಬುಕ್ ಹೊತ್ತು ತಿರುಗುವುದಕ್ಕೆ. ಮಸಿಕುಡಿಕೆ, ಗರಿಯ ಡಿಸೈನು ನನ್ನದು. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದುಕೊಟ್ಟವಳು ಮಹೀನ್. ಬಟ್ಟೆಯನ್ನು ಎಂಬ್ರಾಯಿಡರಿ ರಿಂಗಿಗೆ ಹಾಕಿ ನೋಡಿದರೆ 'ವಸುಂದರಾ' ಅಂತಿದೆ.

"ಏನೇ ಇದು? ಮಿಸ್ ಹೆಸರಿನ ಹೊಟ್ಟೇನೇ ಸೀಳಿಲ್ವಲ್ಲೇ!" ಅಂದೆ.

"ಹಂಗೇ ಇರ್ಲಿ ಅಮ್ಮಿ. ಸರಿ ಮಾಡಿಸ್ಕೊಳ್ಳೋಕೆ ಬರ್ತಾರೆ" ಅಂದಳು.

ನನ್ನ ಕೈಯ ಕೆಲಸದಲ್ಲಿ ತಪ್ಪು ಹೋದರೆ ನನಗೆ ಅನ್ನ ಸೇರುವುದಿಲ್ಲ ಮಿಸ್. ಆದರೂ ಆ ಮುಖ ನೋಡಿ ಬೇರೇನೂ ಹೇಳಲಾಗಲಿಲ್ಲ. ನೀಲಿ ದಾರದಲ್ಲಿ ಅವಳು ಬರೆದ ಹಾಗೆಯೇ ಹಾಕಿದೆ. ನಿಮ್ಮ ಬೀಳ್ಕೊಡುಗೆಯ ದಿನ ಮಕ್ಕಳ ಗಲಾಟೆಯಲ್ಲಿ ನೀವು ಚೀಲವನ್ನು ಬಿಡಿಸಿಯೂ ನೋಡದೆ ಎದೆಗೊತ್ತಿಕೊಂಡಿರಂತೆ.

ಅಂದಿನಿಂದ ಅವಳು ಕಾಯುತ್ತಿದ್ದಾಳೆ. ಸ್ಕೂಲಿನಿಂದ ಬಂದವಳೇ ಅಂಗಡಿ ಮೆಟ್ಟಿಲ ಮೇಲೆ ಕೂರುತ್ತಾಳೆ. ತುಮಕೂರಿನ ಬಸ್ಸು ಬಂದಾಗೆಲ್ಲ ಎದ್ದು ನಿಲ್ಲುತ್ತಾಳೆ. ದಸರಾ ರಜೆಗೆ ಬರುತ್ತೀರಿ ಅಂದುಕೊಂಡಳು, ಆಮೇಲೆ ಸಂಕ್ರಾಂತಿಗೆ. ನಮ್ಮ ಯಜಮಾನರು ಒಂದು ದಿನ ನನ್ನ ಹತ್ತಿರ ಮೆಲ್ಲಗೆ ಅಂದರು: "ಗೌರ್ಮೆಂಟ್ ಟೀಚರು ಕಣೇ. ಹೋದ ಊರಲ್ಲೆಲ್ಲ ಒಂದೊಂದು ಮಹೀನ್ ಇರ್ತಾಳೆ ಅವ್ರಿಗೆ." ಅವರ ಮೇಲೆ ರೇಗಿದೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ, ಅಲ್ಲವಾ ಮಿಸ್?

ನಿಮ್ಮ ಜಾಗಕ್ಕೆ ಬಂದ ರುದ್ರಯ್ಯ ಮೇಷ್ಟ್ರು ಕೆಟ್ಟವರಲ್ಲ. ಆದರೆ ಹಾಜರಿಗೆ ಬಾಯಿ ಬಿಟ್ಟೇ ಹೇಳಬೇಕು ಅವರಿಗೆ. "ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯೇನಮ್ಮಾ?" ಅಂದರಂತೆ, ಮಕ್ಕಳೆಲ್ಲ ನಕ್ಕವಂತೆ. ಅಲ್ಲಿಗೆ ಅವಳು ಕೈ ಎತ್ತುವುದನ್ನೂ ನಿಲ್ಲಿಸಿದಳು. ಹೋದ ವಾರ ಹೆಡ್ಮಾಸ್ಟ್ರು ನಮ್ಮನ್ನು ಕರೆಸಿದರು. ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಬೇಕು, ಒಪ್ಪಿಸದಿದ್ದರೆ ಮುಂದಿನ ವರ್ಷಕ್ಕೆ ಇಲ್ಲಿ ಬೇಡ, ತುಮಕೂರಿನಲ್ಲಿ ಮೂಗ ಮಕ್ಕಳಿಗೆ ಹಾಸ್ಟೆಲ್ ಇರುವ ಸ್ಕೂಲಿದೆ, ಅಲ್ಲಿ ಸೇರಿಸಿ ಅಂದರು. "ನನ್ನ ಮಗಳು ಮೂಗಿ ಅಲ್ಲ ಸಾರ್" ಅಂತ ಕೂಗಾಡಿದೆ. "ಹಂಗಾದ್ರೆ ಮಾತಾಡಿಸಿ ನೋಡಣ" ಅಂದರು. ಮಹೀನ್ ಅಲ್ಲೇ ನೆಲ ನೋಡುತ್ತಾ ನಿಂತಿದ್ದಳು. ಕೈ ಮುಗಿದು ಕೇಳಿಕೊಂಡೆ, "ಒಂದೇ ಒಂದು ಮಾತು ಆಡೇ, ನನ್ನ ಬಂಗಾರ." ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅತ್ತೆಯಂತೂ ಮನೆಯಲ್ಲೇ ಇರಲಿ, ಮಿಷನ್ ಕಲಿಯಲಿ ಅಂತ ನಿರ್ಧಾರ ಮಾಡಿಬಿಟ್ಟಿದ್ದಾರೆ. ತಾಯತ ಮತ್ತೆ ಕುತ್ತಿಗೆಗೆ ಬಂದಿದೆ.

ಮೊನ್ನೆ ದಾರದ ಉಂಡೆ ತರಲು ತುಮಕೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡೆ ಮಿಸ್. ಕುಣಿಗಲ್ ಬಸ್ಸಿನ ಬಾಗಿಲಲ್ಲಿ ನೂಕಾಟದ ನಡುವೆ ನಿಂತಿದ್ದಿರಿ. ಹೆಗಲ ಮೇಲೆ ಅದೇ ಚೀಲ, ನೋಟ್‌ಬುಕ್ ತುಂಬಿ ಉಬ್ಬಿತ್ತು. ಗುಂಪಿನೊಳಗೆ ನುಗ್ಗಿ ಕೈಗೆಟಕುವಷ್ಟು ಹತ್ತಿರ ಬಂದೆ. ಆಗ ಹೆಸರು ಕಾಣಿಸಿತು. ನೀಲಿ ದಾರದ ಅಕ್ಷರದ ಹೊಟ್ಟೆಯಲ್ಲಿ ಒಂದು ಸಣ್ಣ ಕೆಂಪು ಗೀಟು. ಪೆನ್ನಿನದು. ಮಕ್ಕಳ ನೋಟ್‌ಬುಕ್ ತಿದ್ದುವ ಕೆಂಪು ಇಂಕಿನಲ್ಲಿ ನೀವೇ ಸೀಳಿಕೊಂಡಿದ್ದಿರಿ.

ತಪ್ಪು ನಿಮ್ಮದಲ್ಲ. ಪಾಪ, ಇಷ್ಟಕ್ಕೆ ಅವರಿಗೇಕೆ ತೊಂದರೆ ಕೊಡಲಿ ಅಂದುಕೊಂಡಿರಬೇಕು. ಆದರೆ ಅದನ್ನು ನೋಡಿದ್ದೇ ನನ್ನ ಬಾಯಿ ಕಟ್ಟಿಹೋಯಿತು. ಊರಿಗೆಲ್ಲ ಕೇಳುವ ಗಂಟಲು ನನ್ನದು. "ಮಿಸ್" ಅನ್ನಲು ಬಾಯಿ ತೆರೆದೆ, ಎದೆಯಲ್ಲಿ ಎಲ್ಲಾ ಇತ್ತು, ಏನೂ ಹೊರಡಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ಮಗಳಿಗೆ ದಿನವೂ ಏನಾಗುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಗೊತ್ತಾಗಿ ಏನು ಬಂತು? ದಾರವನ್ನೂ ಕೊಳ್ಳದೆ ವಾಪಸ್ ಬಂದೆ.

ಅವಳಿಗೆ ಹೇಳಿಲ್ಲ. ಹೇಗೆ ಹೇಳಲಿ? ಈಗಲೂ ಮೆಟ್ಟಿಲ ಮೇಲೆ ಕೂತಿದ್ದಾಳೆ. ಡಾಕ್ಟರ ಕೈಲೂ ಆಗಲಿಲ್ಲ, ತಾಯತದ ಕೈಲೂ ಆಗಲಿಲ್ಲ, ಹೆತ್ತ ನನ್ನ ಕೈಲೂ ಆಗುತ್ತಿಲ್ಲ. ನಿಮಗೂ ಸಂಸಾರವಿದೆ, ಕೊತ್ತಗೆರೆಯ ಮಕ್ಕಳಿದ್ದಾರೆ. ಬನ್ನಿ ಅನ್ನಲು ನನಗೇನು ಹಕ್ಕಿದೆ? ಆದರೂ ಕೇಳುತ್ತಿದ್ದೇನೆ.

ಇಂಕು ನಿಲ್ಲುವುದಿಲ್ಲ ಮಿಸ್. ಒಂದು ಸಲ ಸೋಪು ಹಾಕಿದರೆ ಹೋಗುತ್ತದೆ. ಹಾಕಿಬಿಡಿ. ಆಮೇಲೆ ಒಂದು ಭಾನುವಾರ ಆ ಚೀಲ ಹೊತ್ತು ನಮ್ಮ ಅಂಗಡಿ ಮುಂದೆ ಬಂದು ನಿಲ್ಲಿ. ನೀವೇನೂ ಕೇಳಬೇಡಿ, ನಾನೂ ಬಾಯಿ ಹಾಕುವುದಿಲ್ಲ, ಆಣೆ. ಏನು ತಪ್ಪಿದೆ ಅಂತ ಅವಳೇ ಹೇಳುತ್ತಾಳೆ. ಹೇಳಿದರೆ, ಮಿಷನ್ ಮುಂದೆ ಕೂರಿಸಿ "ಬಾ, ನೀನೇ ಸೀಳು" ಅನ್ನಿ.

ನಿಮ್ಮ ಮನೆ ತಣ್ಣಗಿರಲಿ. ಅಲ್ಲಾಹ್ ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ಬಸ್ಸು ಬಂದಾಗೆಲ್ಲ ಈಗ ತಾನೂ ಎದ್ದು ನಿಲ್ಲುವ,
ಅರ್ಜೂ