ಇಬ್ಬರು ಕಾಂತರಾಜು, ನಾನು ಬರೆದ ಒಂದು ಸಾಲು

ಸಾಲಗಾಮೆಯ ಎರಡನೇ ದೊರೆ, ನನ್ನ ಪುಟ್ಟರಾಜುವಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾದೀತು. ಹದಿಮೂರು ದಿನಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಬೇಕಾಗಿಯೂ ಇಲ್ಲ. ಆ ದಿನ ನಿನ್ನ ತಲೆಗೆ ಕಟ್ಟಿದ ತಪ್ಪು ನಿನ್ನದಲ್ಲ, ನನ್ನದು. ಹೇಗೆಂದು ಕೇಳು.

ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ಕಳಿಸುವ ನಮ್ಮ ಹಾಸನದ ಏಜೆನ್ಸಿಗೆ ಯಜಮಾನರು ಚಂದ್ರಶೇಖರಯ್ಯನವರು ಎಐ ಏಜೆಂಟ್ ತರಿಸಿದರಲ್ಲ, ಗ್ರಾಹಕರ ವಾಟ್ಸಾಪ್ ಓದಿ, ದಾಖಲೆ ಹುಡುಕಿ, ನಿನ್ನ ಫೋನಿಗೆ ವಿಳಾಸ ಕಳಿಸುವುದು. ಅದನ್ನು ಕೂಡಿಸಿದ ಹುಡುಗಿ ರಂಜಿನಿ ನನ್ನ ಮೇಜಿಗೆ ಬಂದು, “ಅಂಕಲ್, ದಾಖಲೆ ತರೋ ಈ ಟೂಲ್ ಏನು ಮಾಡುತ್ತೆ, ಹೇಗೆ ಬಳಸ್ಬೇಕು ಅಂತ ಒಂದು ವಿವರಣೆ ಬರ್ಕೊಡಿ. ಏಜೆಂಟ್‌ಗೆ ನಿಮ್ಮ ಹಾಗೆ ಊರು ಕೇರಿ ಗೊತ್ತಿರಲ್ಲ. ನೀವು ಬರೆದಷ್ಟೇ ಅದಕ್ಕೆ ಗೊತ್ತು” ಎಂದಳು.

ನಾನು ಬಿಟ್ಟೇನೆಯೇ? “ಗ್ರಾಹಕ ಮಹಾಶಯರ ಸಮಸ್ತ ವೃತ್ತಾಂತವನ್ನು ಕ್ಷಣಾರ್ಧದಲ್ಲಿ ಸಭೆಗೆ ತರುವ ದಿವ್ಯ ಸಾಧನ” ಎಂದು ಬರೆದೆ. ಆಕೆ ನಕ್ಕಳು. ಕಿರೀಟ ಕಿತ್ತು ಮತ್ತೆ ಬರೆದೆ: “ಹೆಸರು ಕೊಟ್ಟರೆ ಗ್ರಾಹಕರ ವಿವರ ತರುತ್ತದೆ.”

“ಒಂದೇ ಹೆಸರಿನೋರು ಇಬ್ಬರಿದ್ರೆ ಅಂಕಲ್?”

“ಇಲ್ಲಿ ಕುಂತಿರೋನು ಗೌರೀಶಂಕರ ಕಣಮ್ಮ. ಯಾವ ಮನೇಲಿ ಯಾರು ಉಸಿರಾಡ್ತವ್ರೆ ಅಂತ ನಂಗೊತ್ತಿಲ್ವಾ?”

ಆ ಮಧ್ಯಾಹ್ನ ರುದ್ರಪಟ್ಟಣದ ಕಾಂತರಾಜು ತಾಯಿ ನಂಜಮ್ಮನಿಗಾಗಿ ಹೊಸ ನಂಬರಿನಿಂದ ಬರೆದ: “ಕಾಂತರಾಜು. ಸಿಲಿಂಡರ್ ಮುಗೀತಾ ಬಂತು. ಬೇಗ.” ಎಲ್ಲ ಗೊತ್ತಿದ್ದ ಈ ಗೌರೀಶಂಕರ ಊಟಕ್ಕೆ ಹೋಗಿದ್ದ. ಏಜೆಂಟ್ ಟೂಲಿಗೆ ಹೆಸರೊಂದನ್ನೇ ಕೊಟ್ಟಿತು. ಟೂಲ್ ಮೊದಲು ಸಿಕ್ಕ ಕಾಂತರಾಜುವನ್ನು ತಂದಿತು, ದಂಡಿಗನಹಳ್ಳಿಯವನನ್ನು. ನೀನು ಅಲ್ಲಿಗೆ ಗಾಡಿ ಓಡಿಸಿದೆ. ಆತ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನೀನೇ ಫೋನಿನಲ್ಲಿ ಹೇಳಿದೆ: “ನಮ್ಮಪ್ಪ ಓಗಿ ಒಂದು ವರ್ಸ ಆಯ್ತು ಕಣಪ್ಪ. ಈಗ ಯಾರಿಗೆ ಉಸ್ರು ತಂದಿದ್ದೀಯ?”

ಆಗ ನನಗೆ ಇನ್ನೊಬ್ಬ ಕಾಂತರಾಜು ನೆನಪಾಗಿ, ರುದ್ರಪಟ್ಟಣಕ್ಕೆ ಓಡು ಎಂದೆ. ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು ದಾಟಿ ನೀನು ಓಡಿಸಿದ ಓಟವನ್ನು ನಾನು ನಕ್ಷೆಯ ಮೇಲೆ ನೋಡುತ್ತಾ ಕೂತಿದ್ದೆ. ರೈಲ್ವೆ ಗೇಟಿನಲ್ಲಿ ನೀನು ನಿಂತಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದೆ. ನೀನು ಮುಟ್ಟುವಷ್ಟರಲ್ಲಿ ನಂಜಮ್ಮನ ತುಟಿ ನೀಲಿಗಟ್ಟಿತ್ತು. ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದರು. ಹನ್ನೊಂದು ದಿನ ಒಳಗಿದ್ದು, ಮೊನ್ನೆ ಮನೆಗೆ ಬಂದರು. ಬದುಕಿದ್ದು ಅವರ ಗಟ್ಟಿತನ, ನಮ್ಮ ಪುಣ್ಯ.

ಮರುದಿನ ಕಾಂತರಾಜು ಅಂಗಡಿಗೆ ಬಂದು ನಿನ್ನ ಕಾಲರ್ ಹಿಡಿದ. ಯಜಮಾನರು, “ಹೊರಡೋ ಮುಂಚೆ ಒಂದು ಫೋನ್ ಮಾಡಕ್ಕಾಗ್ಲಿಲ್ವೇನಯ್ಯಾ?” ಎಂದರು. ನೀನು, “ಫೋನಲ್ಲಿ ಬಂದ ಅಡ್ರೆಸ್ಸಿಗೆ ಓದೆ ಸಾ” ಎಂದು ನನ್ನ ಕಡೆ ತಿರುಗಿದೆ. ನಾನು ಮೇಜಿನ ಮೇಲೆ ಸ್ಟೇಪ್ಲರ್ ಹುಡುಕುತ್ತಿದ್ದೆ ಪುಟ್ಟ. ನಾಟಕದಲ್ಲಿ ಮೈಕಿಲ್ಲದೆ ಕಡೇ ಸಾಲಿಗೆ ಮುಟ್ಟುತ್ತಿದ್ದ ನನ್ನ ಗಂಟಲು ಆ ದಿನ ಮೂರಡಿ ದೂರದಲ್ಲಿದ್ದ ನಿನ್ನನ್ನು ಮುಟ್ಟಲಿಲ್ಲ. ನೀನು ವ್ಯಾನಿನ ಕೀ ಮೇಜಿನ ಮೇಲಿಟ್ಟು ಹೊರಟೆ.

ಸಾಲಗಾಮೆಯಲ್ಲಿ ಮೇಷ್ಟ್ರು ಆಡಿಸಿದ ನಾಟಕ ನೆನಪಿದೆಯೇ? ಪಾರ್ಟು ಬೇಕೆಂದು ಇಬ್ಬರೂ ಹಠ ಹಿಡಿದದ್ದಕ್ಕೆ, ಯುದ್ಧಕ್ಕೆ ಮುಂಚಿನ ದೊರೆ ನಾನು, ಯುದ್ಧದ ನಂತರದ ದೊರೆ ನೀನು. ಮೇಷ್ಟ್ರು ಚೀಟಿಯಲ್ಲಿ ಬರೀ “ದೊರೆ ಪ್ರವೇಶ” ಎಂದು ಬರೆದರು, ಎಷ್ಟನೆಯವನೆಂದು ಬರೆಯಲಿಲ್ಲ. ಎರಡೂ ಕಡೆಯ ಪರದೆ ಸರಿಸಿಕೊಂಡು ಇಬ್ಬರೂ ನುಗ್ಗಿದೆವು. ಜನ, “ಯಾವ ದೊರೆಗ್ಲಾ ಕೈ ಮುಗಿಯೋದು?” ಎಂದು ಕೂಗಿದರು. ಆಗ ನೀನು ನನಗೆ ತಲೆಬಾಗಿ, “ಪ್ರಭು, ನಾನು ತಮ್ಮ ನೆರಳು” ಎಂದು ಹಿಂದೆ ಸರಿದು ನನ್ನ ಮಾನ ಉಳಿಸಿದೆ. ಆ ಪಾಠ ಅಂದೇ ಕಲಿಯಬೇಕಿತ್ತು. ಬರೆದವನಿಗೆ ಗೊತ್ತಿರುವುದು ಓದುವವನಿಗೂ ಗೊತ್ತಿದೆ ಎಂದುಕೊಂಡೇ ಮೇಷ್ಟ್ರು ಕೆಟ್ಟರು, ನಾನೂ ಕೆಟ್ಟೆ.

ನಿನ್ನೆ ರಂಜಿನಿಯ ಪಕ್ಕ ಕೂತು ಹೊಸದಾಗಿ ಬರೆದೆ. ಒಂದೂ ಅಲಂಕಾರವಿಲ್ಲ: “ಸಿಲಿಂಡರ್ ಕಳಿಸುವ ಮೊದಲು ಗ್ರಾಹಕರ ವಿಳಾಸ ತರಲು ಇದನ್ನು ಬಳಸು. ದಾಖಲೆಯಲ್ಲಿರುವ ಫೋನ್ ನಂಬರ್, ಇಲ್ಲವೇ ಹೆಸರು ಮತ್ತು ಊರು ಎರಡೂ ಕೊಡು. ಹೆಸರೊಂದನ್ನೇ ಕೊಡಬೇಡ, ಒಂದೇ ಹೆಸರಿನವರು ಹಲವರಿದ್ದಾರೆ. ಒಬ್ಬರಿಗಿಂತ ಹೆಚ್ಚು ಸಿಕ್ಕರೆ ನೀನೇ ಆರಿಸಬೇಡ, ಕೇಳು. ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳಿ ಅಂಗಡಿಯವರನ್ನು ಕರೆ.”

ಆಕೆ ಟೈಪ್ ಮಾಡಿದಳು: “ಕಾಂತರಾಜು. ಸಿಲಿಂಡರ್ ಬೇಕು. ಬೇಗ.” ಇಬ್ಬರೂ ಉಸಿರು ಹಿಡಿದೆವು. ಉತ್ತರ ಬಂತು: “ನಿಮ್ಮದು ಯಾವ ಊರು?”

ಮೂರೇ ಮಾತು. ನಾನು ಅತ್ತುಬಿಟ್ಟೆ.

ಎದ್ದು ಯಜಮಾನರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು, “ತಪ್ಪು ಮಾಡಿದೋರನ್ನ ಕೆಲಸದಲ್ಲಿ ಇಟ್ಕೊಳ್ಳಲ್ಲ ಅಂತ ಕಾಂತರಾಜುಗೆ ಮಾತು ಕೊಟ್ಟಿದ್ದೀನಿ ಗೌರೀಶಂಕರ” ಎಂದರು. “ಆ ಮಾತು ಉಳಿಸ್ಕೊಳಿ ಸಾ, ಆದ್ರೆ ಸರಿಯಾದ ಆಸಾಮಿ ಮೇಲೆ” ಎಂದು ನನ್ನ ಬೀರುವಿನ ಕೀ ಇಟ್ಟು, ನಿನ್ನನ್ನು ಮತ್ತೆ ಕರೆಸಲು ಅವರ ಒಪ್ಪಿಗೆ ಪಡೆದು, ಮೊಳೆಯಲ್ಲಿ ನೇತಾಡುತ್ತಿದ್ದ ಇನ್ನೊಂದನ್ನು ತೆಗೆದುಕೊಂಡೆ. ರುದ್ರಪಟ್ಟಣಕ್ಕೂ ಹೋಗಿ ಕಾಂತರಾಜುವಿನೆದುರು ನಿಂತು ನಿಜ ಹೇಳಿ ಬಂದೆ. ಅವನು ನನ್ನ ಕಾಲರ್ ಹಿಡಿಯಲಿಲ್ಲ, ಹಿಡಿದಿದ್ದರೆ ಹಗುರವಾಗುತ್ತಿತ್ತು. ನಂಜಮ್ಮ ಮಾತ್ರ ಒಳಗಿನಿಂದ, “ಆ ಗಾಡಿ ಮಗನ್ಗೆ ಬರೋಕೇಳಪ್ಪ, ಬೈಯ್ಯಕ್ಕಲ್ಲ” ಎಂದರು.

ಲಕೋಟೆಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವುದು ವ್ಯಾನಿನ ಕೀ. ಸೋಮವಾರ ನಂಜಮ್ಮನ ಸಿಲಿಂಡರ್ ಬದಲಿಸಬೇಕು. ಈ ಸಲ ಹಿಂದೆ ಸರಿಯುವ ಸರದಿ ನನ್ನದು.

ನಿನ್ನ ದಾರಿಯ ಗೇಟುಗಳೆಲ್ಲ ತೆರೆದಿರಲಿ, ನೀನು ಬಾಗಿಲು ತಟ್ಟಿದ ಮನೆಯಲ್ಲಿ ಉಸಿರು ಉಳಿದಿರಲಿ.

ಎರಡನೇ ದೊರೆ ಪ್ರವೇಶ.

ಇಂತಿ, ಪರದೆಯ ಹಿಂದಿನಿಂದ,
ನಿನ್ನ ಒಂದನೇ ದೊರೆ
ಗೌರೀಶಂಕರ